ಮೂಲೆಯಲ್ಲಿ ಜಿನುಗುವ ಬೆಳಕು

ಕಳೆದ ಕಾರ್ತಿಕದಲ್ಲಿ ನಾಲ್ಕು ದಿನ ಸೊಕ್ಕೆಗೆ ಹೋಗಿದ್ದೆ. ಸೊಕ್ಕೆ ಎಲ್ಲಿದೆ ಎಂದು ಕೇಳುವ ವಾಚಕರೇ ಹೆಚ್ಚಾಗಿರಬಹುದು. ಜಗಳೂರು ತಾಲ್ಲೂಕಿನ ಒಂದು ಹೋಬಳಿಯ ಮುಖ್ಯ ಊರು ಅದು. ನಾನು ಹುಟ್ಟಿದಾಗ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು. ಜಿಲ್ಲೆ ಬದಲಾಯಿತೆಂಬ ಸಂಗತಿ ಮಳೆರಾಯನಿಗೆ ಇನ್ನೂ ತಲುಪಿದಂತೆ ಕಾಣುವುದಿಲ್ಲ. ಮೆಕ್ಕೆಜೋಳ, ಶೇಂಗಾ, ಈರುಳ್ಳಿ ಇವನ್ನು ನಂಬಿದ ಬದುಕು. ಬಂದ ವರ್ಷ ಬಂತು, ಹೋದ ವರ್ಷ ಹೋಯಿತು. ಬೇರೆ ಬೇರೆ ಊರುಗಳ ಕಾಲೇಜುಗಳಲ್ಲಿ ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಭೌತಶಾಸ್ತ್ರವನ್ನು ಬೋಧಿಸಿ ನಿವೃತ್ತನಾದ ನನಗೆ ಊರಿಗೆ ಹೋಗಲು ಈಗ ಹಬ್ಬದ ನೆಪವೇನೂ ಬೇಕಾಗಿಲ್ಲ. ಅಲ್ಲಿಗೆ ಹೋದರೆ ಕತ್ತಲೆ ಸಿಗುತ್ತದೆ ಎಂಬುದೇ ಒಂದು ದೊಡ್ಡ ಆಕರ್ಷಣೆ. ಬೆಂಗಳೂರಿನಲ್ಲಿ ಕತ್ತಲೆಯೆಂಬ ಪದಾರ್ಥ ಎಂದೋ ತೀರಿಹೋಯಿತು. ಸೊಕ್ಕೆಯಲ್ಲಿ ಕರೆಂಟು ಹೋದ ಗಳಿಗೆಯಲ್ಲಿ ಅದು ಇನ್ನೂ ಅಸಲಿನಲ್ಲಿ ದೊರೆಯುತ್ತದೆ. ಆ ಕತ್ತಲೆ ಹಿಡಿದುಕೊಟ್ಟ ಒಂದು ಕಳ್ಳತನದ ವಿಷಯವನ್ನು ಇಲ್ಲಿ ಹೇಳಹೊರಟಿದ್ದೇನೆ. ಕಳ್ಳ ಮನುಷ್ಯನಲ್ಲ, ಬೆಳಕು.

ನನ್ನ ತಮ್ಮನ ಮೊಮ್ಮಗಳೊಬ್ಬಳು ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್‌ಸಿ. ಓದುತ್ತಿದ್ದಾಳೆ. ಆ ಮನೆಯಲ್ಲಿ ಅಷ್ಟು ಓದಿದವಳು ಅವಳೇ ಮೊದಲಿಗಳು. ಅವಳ ತಂದೆ, ಎಂದರೆ ನನ್ನ ತಮ್ಮನ ಮಗ, ಒಂದು ವರ್ಷದ ಮೆಕ್ಕೆಜೋಳದ ಹಣದಲ್ಲಿ ಮೂವತ್ತೆರಡು ಸಾವಿರ ರೂಪಾಯಿ ಎಣಿಸಿ ಅವಳಿಗೊಂದು ಲ್ಯಾಪ್‌ಟಾಪ್ ಕೊಡಿಸಿದ್ದ. ಅಂಗಡಿಯಲ್ಲಿದ್ದವುಗಳಲ್ಲಿ ಕಡಿಮೆ ಬೆಲೆಯ ಪೈಕಿಯದೇ. ಆದರೆ ಆ ಮನೆಗೆ ಅದು ಎತ್ತು ಕೊಂಡಷ್ಟು ದೊಡ್ಡ ವ್ಯವಹಾರ. ಹುಡುಗಿ ಅದನ್ನು ಹಳೆಯ ರೇಷ್ಮೆ ಸೀರೆಯ ತುಂಡಿನಲ್ಲಿ ಸುತ್ತಿ, ಬಸ್ಸಿನ ನೂಕುನುಗ್ಗಲಿನಲ್ಲಿ ಎದೆಗವಚಿಕೊಂಡು ಓಡಾಡುತ್ತಿದ್ದಳು.

ಅವಳಿಗೆ ಕೊಟ್ಟಿದ್ದ ಕೆಲಸವೂ ನಮ್ಮ ಸೀಮೆಯದೇ. ಜಗಳೂರು ತಾಲ್ಲೂಕಿನಲ್ಲಿ ರಂಗಯ್ಯನದುರ್ಗದ ಕಾಡು ಎಂದು ಇದೆ. ಸುಮಾರು 77 ಚದರ ಕಿಲೋಮೀಟರಿನ ಕುರುಚಲು ಕಾಡು. 2011ರಲ್ಲಿ ಅದನ್ನು ಕೊಂಡುಕುರಿಯ ವನ್ಯಜೀವಿಧಾಮವೆಂದು ಘೋಷಿಸಿದರು. ಕೊಂಡುಕುರಿಯನ್ನು ಕುರಿಯೆಂದು ಭಾವಿಸಬಾರದು. ಅದು ಹುಲ್ಲೆಯ ಜಾತಿ. ಗಂಡಿಗೆ ನಾಲ್ಕು ಕೊಂಬು, ಹಿಂದೆ ಎರಡು ದೊಡ್ಡವು, ಹಣೆಯ ಮೇಲೆ ಎರಡು ಮೊಳಕೆಯಂಥವು. ಲೋಕದ ಕಾಡುಮೃಗಗಳಲ್ಲಿ ಈ ಅಲಂಕಾರ ಇರುವುದು ಇದೊಂದಕ್ಕೇ. ಭಾರತದಲ್ಲಿ, ಅಷ್ಟಿಷ್ಟು ನೇಪಾಳದಲ್ಲಿ, ಬಿಟ್ಟರೆ ಬೇರೆಲ್ಲಿಯೂ ಇಲ್ಲ. ಮಹಾ ನಾಚಿಕೆಯ ಪ್ರಾಣಿ. ಹಿಂಡು ಕಟ್ಟುವುದಿಲ್ಲ, ಬಯಲಿಗೆ ಬರುವುದಿಲ್ಲ, ಕಂದುಬಣ್ಣದ ಪೊದೆಯ ಪಕ್ಕದಲ್ಲಿ ಕಂದುಬಣ್ಣವಾಗಿ ನಿಂತುಬಿಡುತ್ತದೆ. ಇಂಥದ್ದನ್ನು ಎಣಿಸಬೇಕಾದರೆ ಮರದ ಬುಡಕ್ಕೆ ಕ್ಯಾಮೆರಾ ಕಟ್ಟಿಬರುತ್ತಾರೆ. ಎದುರಿನಲ್ಲಿ ಬಿಸಿಮೈಯ ಯಾವುದೇ ಜೀವ ಸುಳಿದರೆ ಆ ಯಂತ್ರಕ್ಕೆ ತಿಳಿಯುತ್ತದೆ, ತಾನೇ ಚಿತ್ರ ತೆಗೆದುಕೊಳ್ಳುತ್ತದೆ. ಮಬ್ಬಾದ ಮೇಲೆ ಕಣ್ಣಿಗೆ ಕಾಣದ ಅವಕೆಂಪು ಬೆಳಕು ಹಾಯಿಸಿ ಕಪ್ಪುಬಿಳುಪಿನಲ್ಲಿ ತೆಗೆಯುತ್ತದೆ. ಬಿಸಿಲಿಗೆ ಕಾದ ಹುಲ್ಲು ಗಾಳಿಗೆ ಅಲುಗಿದರೂ ಅದಕ್ಕೆ ಪ್ರಾಣಿ ಬಂದಂತೆಯೇ. ಹೀಗಾಗಿ ಸಾವಿರ ಚಿತ್ರ ಬಂದರೆ ಬಹುಪಾಲು ಬರಿಯ ಪೊದೆ, ಬರಿಯ ಹುಲ್ಲು. ಸಂಶೋಧಕರೊಬ್ಬರು ತೆಗೆದ ಇಂಥ ಚಿತ್ರಗಳಲ್ಲಿ ನಾಲ್ಕು ಸಾವಿರವನ್ನು ಇವಳಿಗೆ ಒಪ್ಪಿಸಿ, ಪ್ರಾಣಿ ಇರುವುದು ಯಾವುದು, ಇಲ್ಲದ್ದು ಯಾವುದು ಎಂದು ವಿಂಗಡಿಸಲು ಹೇಳಿದ್ದರು. ಅಕ್ಕಿಯಲ್ಲಿ ಕಲ್ಲು ಆರಿಸುವ ಕೆಲಸ, ಇಲ್ಲಿ ಮಾತ್ರ ಆರಿಸಬೇಕಾದ್ದು ಅಕ್ಕಿಯನ್ನು.

ಹುಡುಗಿ ಒಂದು ತಿಂಗಳು ಕೂತು ವಿಂಗಡಿಸಿದಳು. ಮೇಲ್ವಿಚಾರಕರು ಪರೀಕ್ಷೆಗೆಂದು "ಖಾಲಿ" ಎಂದು ಗುರುತು ಹಾಕಿದ್ದ ಇನ್ನೂರು ಚಿತ್ರಗಳನ್ನು ತಮ್ಮ ಪರದೆಯ ಮೇಲೆ ತೆರೆದು ನೋಡಿದರೆ ಏಳರಲ್ಲಿ ಪ್ರಾಣಿ ಇತ್ತು. ಎರಡು ಮೊಲ, ಒಂದು ಪುನುಗು, ನಾಲ್ಕು ಕೊಂಡುಕುರಿ. ಯಾವುದನ್ನು ಹುಡುಕಬೇಕಾಗಿತ್ತೋ ಅದನ್ನೇ ಇಲ್ಲವೆಂದು ಬರೆದಿದ್ದಳು. ಅವರು ಗದರಿಸಲಿಲ್ಲವಂತೆ, "ನೋಡದೆಯೇ ಗುರುತು ಹಾಕಿದೆಯಾ ಅಮ್ಮ?" ಎಂದು ಮೆಲ್ಲಗೆ ಕೇಳಿದರಂತೆ. ಗದರಿಸಿದ್ದರೆ ಅಷ್ಟು ನೋಯುತ್ತಿರಲಿಲ್ಲ. ಅವಳು ನೇತ್ರವೈದ್ಯರ ಬಳಿಗೂ ಹೋಗಿಬಂದಳು. ಕಣ್ಣು ಸರಿಯಾಗಿತ್ತು. ಅಲ್ಲಿಗೆ ತನ್ನ ಮೇಲೆಯೇ ಅನುಮಾನ ಹುಟ್ಟಿತು. ಈ ಕೆಲಸ ತನ್ನಂಥವಳಿಗೆ ಹೇಳಿದ್ದಲ್ಲವೇನೋ, ಬಿ.ಎಡ್. ಮಾಡಿಕೊಂಡು ಎಲ್ಲಾದರೂ ಮೇಷ್ಟ್ರಾಗುವುದೇ ಮೇಲೇನೋ ಎಂದು ಮನೆಯಲ್ಲಿ ಹೇಳತೊಡಗಿದ್ದಳು. ಮೇಷ್ಟ್ರಾಗಿದ್ದ ನನಗೆ ಇದು ಎರಡು ಬಗೆಯಲ್ಲಿ ನಾಟಿತು. ಅದು ಹಾಗಿರಲಿ.

ಎರಡನೆಯ ರಾತ್ರಿ ಊಟವಾದ ಮೇಲೆ ಅವಳು ನಡುಮನೆಯಲ್ಲಿ ಅದೇ ಚಿತ್ರಗಳನ್ನು ಮತ್ತೆ ತೆರೆದು ಕೂತಿದ್ದಳು. ನಾನು ಎದುರಿನ ಕಂಬಕ್ಕೊರಗಿ ತೂಕಡಿಸುತ್ತಿದ್ದೆ. ಕರೆಂಟು ಹೋಯಿತು. ಸೊಕ್ಕೆಯ ಅಪ್ಪಟ ಕತ್ತಲೆ ಮನೆಯನ್ನು ತುಂಬಿಕೊಂಡಿತು. ಲ್ಯಾಪ್‌ಟಾಪು ತನ್ನ ಬ್ಯಾಟರಿಯ ಬಲದಿಂದ ಉರಿಯುತ್ತಲೇ ಇತ್ತು. ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ ಪರದೆ ಒಂದು ಕ್ಷಣ ಪೂರಾ ಕಪ್ಪಾಗುತ್ತದಲ್ಲ, ಆ ಕ್ಷಣದಲ್ಲಿ ನನಗೊಂದು ವಿಚಿತ್ರ ಕಂಡಿತು. ಕಪ್ಪು ಕಪ್ಪಾಗಿರಲಿಲ್ಲ. ಕೆಳಗಿನ ಬಲಮೂಲೆಯಲ್ಲಿ, ಬಾಗಿಲ ಸಂದಿಯಿಂದ ಒಳಬಂದ ಬೆಳದಿಂಗಳಿನಂತೆ, ಒಂದು ಹಳದಿಬಿಳುಪಿನ ಮಬ್ಬು ಹರಡಿತ್ತು.

"ಅದನ್ನ ಹಾಗೇ ನಿಲ್ಲಿಸು ನೋಡೋಣ," ಎಂದೆ.

"ಯಾವುದನ್ನ ದೊಡ್ಡಜ್ಜ?"

"ಕಪ್ಪನ್ನ. ಬರೀ ಕಪ್ಪು ಬರೋ ಹಂಗೆ ಮಾಡು."

ಬರಿಯ ಕಪ್ಪಿನ ಒಂದು ಚಿತ್ರವನ್ನು ಅಲ್ಲೇ ಮಾಡಿ ಪರದೆಯ ತುಂಬ ಹರಡಿದಳು. ಇಬ್ಬರೂ ಸುಮ್ಮನೆ ನೋಡಿದೆವು. ಬಲಮೂಲೆಯಲ್ಲಿ ಅಂಗೈಯಗಲದ ಮಬ್ಬು. ಕೆಳಅಂಚಿನುದ್ದಕ್ಕೂ ಸಾಲುದೀಪದ ನೆರಳಿನಂತೆ ಸಣ್ಣ ಸಣ್ಣ ಉಬ್ಬುಗಳು. ಎಡಮೇಲ್ಮೂಲೆಯಲ್ಲಿ ಒಂದು ಚಿಕ್ಕ ಕಲೆ. ತಲೆಯನ್ನು ಆ ಕಡೆ ಈ ಕಡೆ ಸರಿಸಿದರೂ ಮಬ್ಬು ತನ್ನ ಜಾಗ ಬಿಡಲಿಲ್ಲ. ಎಂಟು ತಿಂಗಳು ಅದೇ ಪರದೆಯನ್ನು ದಿಟ್ಟಿಸಿದ್ದವಳಿಗೆ ಇದು ಕಂಡಿರಲಿಲ್ಲ. ಏಕೆಂದರೆ ಅವಳು ಎಂದೂ ಏನೂ ಇಲ್ಲದ್ದನ್ನು ನೋಡಿರಲಿಲ್ಲ. ಆಮೇಲೆ ಆ ಏಳು ಚಿತ್ರಗಳನ್ನು ತೆರೆಯಿಸಿದೆ. ಏಳರಲ್ಲಿ ಐದು ಪ್ರಾಣಿಗಳು ಕೆಳಗಿನ ಬಲಮೂಲೆಯಲ್ಲಿಯೇ ನಿಂತಿದ್ದವು.

ಇಂಗ್ಲಿಷಿನಲ್ಲಿ ಈ ದೋಷಕ್ಕೆ ಬ್ಯಾಕ್‌ಲೈಟ್ ಬ್ಲೀಡಿಂಗ್ ಎಂದು ಹೆಸರು. ಹಿಂದಿನ ದೀಪಕ್ಕೆ ಗಾಯವಾಗಿ ಅದು ಒಸರುತ್ತದೆಂದು ಅವರ ಕಲ್ಪನೆ. ನಮ್ಮ ಕಡೆ ಇದಕ್ಕೆ ಇನ್ನೂ ಒಳ್ಳೆಯ ಮಾತಿದೆ: ಜಿನುಗು. ಕೆರೆಯ ತೂಬನ್ನು ಭದ್ರವಾಗಿ ಮುಚ್ಚಿದ್ದರೂ ಏರಿಯ ಹಿಂದಣ ಮಣ್ಣಿನಲ್ಲಿ ಎಲ್ಲೋ ಒಂದು ಕಡೆ ತೇವ ಕಾಣಿಸಿಕೊಳ್ಳುತ್ತದೆ. ಹಳಬರು ಅದನ್ನು ಕಂಡ ಕೂಡಲೆ "ಏರಿ ಜಿನುಗ್ತೈತೆ" ಎಂದು ಹೇಳಿ ಕಳುಹಿಸುತ್ತಿದ್ದರು. ಈ ಪರದೆಯ ರಹಸ್ಯವೂ ಅದೇ. ಲ್ಯಾಪ್‌ಟಾಪಿನ ಪರದೆ ತಾನಾಗಿ ಬೆಳಗುವುದಿಲ್ಲ. ಅದರ ಬೆನ್ನ ಹಿಂದೆ ಬೆಳಕಿನ ಒಂದು ಕೆರೆ ಸದಾ ತುಂಬಿ ನಿಂತಿರುತ್ತದೆ. ಮುಂದೆ ಇರುವುದು ಲಕ್ಷಗಟ್ಟಲೆ ಪುಟ್ಟ ತೂಬುಗಳ ಒಂದು ಏರಿ. ಬಿಳುಪು ಬೇಕಾದಲ್ಲಿ ತೂಬು ತೆರೆಯುತ್ತದೆ, ಕಪ್ಪು ಬೇಕಾದಲ್ಲಿ ಮುಚ್ಚುತ್ತದೆ. ಕಪ್ಪೆಂಬುದು ಅಲ್ಲಿ ದೀಪ ಆರಿದ ಸ್ಥಿತಿಯಲ್ಲ. ದೀಪವನ್ನು ಬಲವಂತವಾಗಿ ತಡೆಹಿಡಿದ ಸ್ಥಿತಿ.

ಆ ಕೆರೆಯನ್ನು ಕಟ್ಟುವ ಬಗೆ ಭೌತಶಾಸ್ತ್ರದ ಮೇಷ್ಟ್ರಿಗೆ ಪಾಯಸದಂಥ ವಿಷಯ. ವಾಚಕರು ಎರಡು ನಿಮಿಷ ಸಹಿಸಬೇಕು. ಪರದೆಯ ಕೆಳಅಂಚಿನಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಎಲ್‌ಇಡಿ ದೀಪಗಳ ಒಂದು ಸಾಲು. ಅವು ಬೆಳಕನ್ನು ಮುಂದಕ್ಕಲ್ಲ, ಪಕ್ಕದಿಂದ, ತೆಳುವಾದ ಪಾರದರ್ಶಕ ಅಕ್ರಿಲಿಕ್ ಹಲಗೆಯೊಂದರ ಹೊಟ್ಟೆಯೊಳಕ್ಕೆ ಹಾಯಿಸುತ್ತವೆ. ಒಳಗೆ ಹೊಕ್ಕ ಬೆಳಕು ಪೂರ್ಣ ಆಂತರಿಕ ಪ್ರತಿಫಲನದಿಂದ ಮೇಲ್ಗೋಡೆಗೂ ಕೆಳಗೋಡೆಗೂ ಬಡಿಯುತ್ತ ಹಲಗೆಯ ಉದ್ದಕ್ಕೂ ಓಡುತ್ತದೆ. ಹಲಗೆಯ ಹಿಂಬದಿಯಲ್ಲಿ ಸಣ್ಣ ಚುಕ್ಕೆಗಳನ್ನು ಒತ್ತಿರುತ್ತಾರೆ. ಚುಕ್ಕೆಗೆ ಬಡಿದ ಕಿರಣ ದಾರಿ ತಪ್ಪಿ ಮುಂದಕ್ಕೆ ಹೊರಬೀಳುತ್ತದೆ. ದೀಪದ ಬಳಿ ಚುಕ್ಕೆ ವಿರಳ, ದೂರ ಹೋದಂತೆ ದಟ್ಟ. ಹೀಗೆ ಹತ್ತಿರದವನಿಗೂ ದೂರದವನಿಗೂ ಸಮನಾಗಿ ಹಂಚಿಕೆ. ಕಾಲುವೆಯ ಕೊನೆಯ ಹೊಲಕ್ಕೂ ನೀರು ಮುಟ್ಟಿಸುವ ಈ ನ್ಯಾಯವನ್ನು ನಮ್ಮ ನೀರಾವರಿ ಇನ್ನೂ ಸಾಧಿಸಿಲ್ಲ. ಹಲಗೆಯ ಹಿಂದೆ ಒಂದು ಬಿಳಿಯ ಹಾಳೆ, ಮುಂದೆ ಬೆಳಕನ್ನು ಹದಮಾಡುವ ಇನ್ನೆರಡು ಮೂರು ಹಾಳೆ. ಅದರ ಮುಂದೆ ತೂಬುಗಳು: ಎರಡು ತೆಳು ಗಾಜು, ನಡುವೆ ಕೂದಲಿನ ದಪ್ಪದ ಹತ್ತನೆಯ ಒಂದು ಪಾಲಿಗೂ ಕಡಿಮೆಯಾದ ದ್ರವಸ್ಫಟಿಕದ ಪದರ, ಹಿಂದೊಂದು ಮುಂದೊಂದು ಧ್ರುವೀಕಾರಕ ಹಾಳೆ. ಮೊದಲನೆಯ ಹಾಳೆ ಒಂದು ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುತ್ತದೆ. ಎರಡನೆಯದು ಅದಕ್ಕೆ ಅಡ್ಡ ದಿಕ್ಕಿನದನ್ನು ಮಾತ್ರ. ನಡುವಣ ದ್ರವಸ್ಫಟಿಕ ಕಿರಣದ ಕಂಪನವನ್ನು ತಿರುಚಿದರೆ ಅದು ಪಾರಾಗುತ್ತದೆ, ತಿರುಚದಿದ್ದರೆ ಸಿಕ್ಕಿಬೀಳುತ್ತದೆ. ಇಷ್ಟೆಲ್ಲ ಸುಂಕದಕಟ್ಟೆಗಳನ್ನು ದಾಟಿ, ಬಣ್ಣದ ಸೋಸುಗಳನ್ನೂ ದಾಟಿ, ಕಣ್ಣಿಗೆ ಮುಟ್ಟುವುದು ಹೊರಟ ಬೆಳಕಿನಲ್ಲಿ ನೂರಕ್ಕೆ ಹತ್ತು ಪಾಲೂ ಇಲ್ಲ. ಉಳಿದದ್ದು ಒಳಗೇ ಬಿಸಿಯಾಗಿ ಹೋಗುತ್ತದೆ.

ಇಂಥ ಏರಿ ಎಲ್ಲಿ ಜಿನುಗುತ್ತದೆ? ಎಲ್ಲಿ ಒತ್ತಡ ಹೆಚ್ಚೋ ಅಲ್ಲಿ. ಪದರಗಳನ್ನೆಲ್ಲ ಒಂದು ತಗಡಿನ ಚೌಕಟ್ಟು ಅಂಚಿನಲ್ಲಿ ಹಿಡಿದಿರುತ್ತದೆ. ಒಂದು ಮೂಲೆಯ ತಿರುಪು ಒಂದು ಸುತ್ತು ಬಿಗಿಯಾದರೆ, ಅಂಟುಪಟ್ಟಿ ಒಂದು ಕಡೆ ದಪ್ಪಗಾದರೆ, ಗಾಜು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಬಾಗಿದ ಗಾಜು ತಾನೇ ಬೆಳಕಿನ ಕಂಪನವನ್ನು ಚೂರು ತಿರುಚಿಬಿಡುತ್ತದೆ. ತಿರುಚಿದ್ದು ಎರಡನೆಯ ಹಾಳೆಯಿಂದ ನುಸುಳುತ್ತದೆ. ಕಾವಲುಗಾರನೇ ಕಳ್ಳನಿಗೆ ರಹದಾರಿ ಬರೆದುಕೊಟ್ಟಂತೆ! ಕಡಿಮೆ ಬೆಲೆಯ ಯಂತ್ರಗಳಲ್ಲಿ ಮುಚ್ಚಳ ತೆಳುವಾದ ಪ್ಲಾಸ್ಟಿಕ್ಕಿನದು. ಒಂದು ಮೂಲೆ ಹಿಡಿದೆತ್ತಿದರೆ ರೊಟ್ಟಿಯಂತೆ ಬಳಕುತ್ತದೆ; ಬಸ್ಸಿನಲ್ಲಿ ಪುಸ್ತಕಗಳ ನಡುವೆ ಅದುಮಿದರೂ ಬಳಕುತ್ತದೆ. ಆ ಬಳುಕೆಲ್ಲ ಕೊನೆಗೆ ಸೇರುವುದು ಗಾಜಿನ ಮೂಲೆಗೆ. ನಮ್ಮ ಹುಡುಗಿಯ ಯಂತ್ರ ಹುಟ್ಟುತ್ತಲೇ ಜಿನುಗುತ್ತಿತ್ತೋ, ಜಗಳೂರಿನ ಬಸ್ಸು ಜಿನುಗಿಸಿತೋ ಈಗ ಹೇಳಬರುವುದಿಲ್ಲ.

ಇಷ್ಟು ಸಣ್ಣ ಮಬ್ಬಿನಿಂದ ಒಂದು ಮೃಗವೇ ಮಾಯವಾಗುವುದು ಹೇಗೆ ಎಂದು ಅವಳೂ ಕೇಳಿದಳು. ಒಂದು ಚೀಟಿಯ ಮೇಲೆ ಲೆಕ್ಕ ಮಾಡಿ ತೋರಿಸಿದೆ. ಪರದೆಯ ಹೊಳಪನ್ನು ನಿಟ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಅಗ್ಗದ ಪರದೆಯೊಂದರ ಬಿಳುಪು 220 ನಿಟ್, ಬಿಳುಪಿಗೂ ಕಪ್ಪಿಗೂ ಪ್ರಮಾಣ 500ಕ್ಕೆ 1 ಎಂದು ಹಿಡಿಯೋಣ. ಆಗ ಅದರ ಅತಿ ಕಪ್ಪು 0.44 ನಿಟ್. ಮಬ್ಬುಗತ್ತಲೆಯ ಚಿತ್ರದಲ್ಲಿ ಪೊದೆ ಆ ಕಪ್ಪಿನಷ್ಟೇ ಕಪ್ಪಗಿದ್ದು, ಪ್ರಾಣಿ ಅದಕ್ಕಿಂತ 0.2 ನಿಟ್ ಬೆಳ್ಳಗಿದೆಯೆನ್ನಿ. ಪ್ರಾಣಿಯ ಹೊಳಪು 0.64, ಪೊದೆಗಿಂತ ನೂರಕ್ಕೆ 45ರಷ್ಟು ಹೆಚ್ಚು. ಕಣ್ಣಿಗೆ ಸಲೀಸಾಗಿ ಕಾಣಬೇಕು. ಈಗ ಆ ಮೂಲೆಯಲ್ಲಿ ಒಂದೇ ಒಂದು ನಿಟ್ಟಿನಷ್ಟು ಬೆಳಕು ಜಿನುಗಲಿ. ಪೊದೆ 1.44, ಪ್ರಾಣಿ 1.64, ವ್ಯತ್ಯಾಸ ಅದೇ 0.2, ಆದರೆ ಹೆಚ್ಚಳ ನೂರಕ್ಕೆ 14 ಮಾತ್ರ. ನಮ್ಮ ಕಣ್ಣು ನೋಡುವುದು ವ್ಯತ್ಯಾಸವನ್ನಲ್ಲ, ಪ್ರಮಾಣವನ್ನು. ನಕ್ಷತ್ರಗಳು ಮಧ್ಯಾಹ್ನದಲ್ಲಿಯೂ ತಮ್ಮ ಜಾಗದಲ್ಲಿಯೇ ಇರುತ್ತವೆ, ಅಷ್ಟೇ ಬೆಳಗುತ್ತಿರುತ್ತವೆ. ಹುಡುಗಿಯ ಕೊಂಡುಕುರಿಗೆ ಆದದ್ದೂ ಅದೇ ಗತಿ. ಚೀಟಿಯನ್ನು ಅವಳು ಎರಡು ಸಲ ಓದಿ, ಮಡಿಸಿ, ಪುಸ್ತಕದೊಳಗಿಟ್ಟುಕೊಂಡಳು. "ಹಂಗಾದ್ರೆ ನಾನು ನೋಡಿದ್ದೆ," ಎಂದಳು. ಯಾರಿಗೆ ಹೇಳಿದಳೋ, ನನಗಂತೂ ಅಲ್ಲ.

ಒಂದು ಮೂಲೆಯ ಮಾತಷ್ಟೇ ಆಗಿದ್ದರೆ ಇಲ್ಲಿಗೆ ನಿಲ್ಲಿಸುತ್ತಿದ್ದೆ. ಉಳಿದ ಎರಡು ಪ್ರಾಣಿಗಳು ಮೂಲೆಯಲ್ಲಿರಲಿಲ್ಲ, ಮೇಲ್ಭಾಗದಲ್ಲಿದ್ದವು. ಅದಕ್ಕೆ ಬೇರೆ ಕಾರಣವಿತ್ತು. ಅವಳು ನೆಲದ ಮೇಲೆ ಚಾಪೆ ಹಾಸಿ, ಯಂತ್ರವನ್ನು ಕಾಲ್ಮಣೆಯ ಮೇಲಿಟ್ಟು, ಪರದೆಯನ್ನು ಹಿಂದಕ್ಕೆ ವಾಲಿಸಿ ನೋಡುತ್ತಿದ್ದಳು. ಅಗ್ಗದ ಪರದೆಗಳು ಬಹಳ ಕಾಲ ಟಿಎನ್ ಎಂಬ ಜಾತಿಯವೇ ಆಗಿದ್ದವು, ಇವಳದೂ ಅದೇ. ಅದನ್ನು ನೇರ ಎದುರಿನಿಂದ ನೋಡಿದರೆ ಸರಿ. ಮೇಲಿನಿಂದ ನೋಡಿದರೆ ಬಣ್ಣ ತೊಳೆದಂತಾಗುತ್ತದೆ; ಕೆಳಗಿನಿಂದ ನೋಡಿದರೆ ಮಬ್ಬುಛಾಯೆಗಳೆಲ್ಲ ಒಂದೇ ಕಪ್ಪಿನಲ್ಲಿ ಮುಳುಗಿಹೋಗುತ್ತವೆ. ಅದರೊಳಗಿನ ಕಡ್ಡಿಯಂಥ ಅಣುಗಳು ವಾಲಿ ನಿಲ್ಲುವುದರಿಂದ ಓರೆಯಾಗಿ ಹಾಯ್ದ ಕಿರಣಕ್ಕೆ ಬೇರೆಯದೇ ತಿರುಚು ದೊರೆಯುತ್ತದೆ.

ಈ ಓರೆನೋಟದ ರೋಗಕ್ಕೆ ದೊರೆತ ಒಂದು ಮದ್ದಿನ ಬೇರು ಬೆಂಗಳೂರಿನಲ್ಲಿದೆ ಎಂಬುದು ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿಗೆ ಗೊತ್ತು? ಶಿವರಾಮಕೃಷ್ಣ ಚಂದ್ರಶೇಖರ್ ಎಂಬ ವಿಜ್ಞಾನಿ 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದ ಮೊದಲ ಮುಖ್ಯಸ್ಥರಾಗಿ ಮಾನಸಗಂಗೋತ್ರಿಗೆ ಬಂದರು. ಸರ್ ಸಿ. ವಿ. ರಾಮನ್ ಅವರ ಸೋದರಿಯ ಮಗ, ರಾಮನ್ ಅವರಲ್ಲಿಯೇ ಸಂಶೋಧನೆ ಮಾಡಿದವರು. ದ್ರವಸ್ಫಟಿಕಗಳ ಅಧ್ಯಯನಕ್ಕೆ ಮೈಸೂರಿನಲ್ಲಿ ನೆಲೆ ಒದಗಿಸಿದವರು ಅವರೇ. 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ತೆರಳಿದರು. ಅವರು ಬಿಟ್ಟುಹೋದ ಎರಡು ವರ್ಷಕ್ಕೆ ನಾನು ಗಂಗೋತ್ರಿಯಲ್ಲಿ ಎಂ.ಎಸ್‌ಸಿ. ಸೇರಿದೆ, ಅವರಿಂದ ಪಾಠ ಕೇಳುವ ಭಾಗ್ಯ ಕೈತಪ್ಪಿತೆಂದು ಇಂದಿಗೂ ಕೊರಗು. ಅಲ್ಲಿಯವರೆಗೆ ಕಡ್ಡಿಯಾಕಾರದ ಅಣುಗಳು ಮಾತ್ರವೇ ದ್ರವಸ್ಫಟಿಕವಾಗಬಲ್ಲವು ಎಂದು ಎಲ್ಲರೂ ನಂಬಿದ್ದರು. 1977ರಲ್ಲಿ ಚಂದ್ರಶೇಖರ್, ಬಿ. ಕೆ. ಸದಾಶಿವ, ಕೆ. ಎ. ಸುರೇಶ್ ಈ ಮೂವರು ಬಿಲ್ಲೆಯಾಕಾರದ ಅಣುಗಳೂ ಹಾಗಾಗುತ್ತವೆಂದು ತೋರಿಸಿದರು. ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಆ ಅಣುಗಳು ಕಂಬಗಳಾಗಿ ನಿಲ್ಲುತ್ತವೆ. ಲೇಖನ ಬೆಂಗಳೂರಿನಿಂದಲೇ ಹೊರಡುವ "ಪ್ರಮಾಣ" ಪತ್ರಿಕೆಯಲ್ಲಿ ಅಚ್ಚಾಯಿತು. ಆಗ ಇದರಿಂದ ಏನು ಉಪಯೋಗ ಎಂದು ಯಾರಾದರೂ ಕೇಳಿದ್ದರೆ ಉತ್ತರ ಹೇಳುವುದು ಕಷ್ಟವಾಗುತ್ತಿತ್ತು. 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಫೋಟೋ ಫಿಲ್ಮ್ ಕಂಪನಿಯವರು ಬಿಲ್ಲೆಯಣುಗಳನ್ನು ಬಳಿದ ಒಂದು ತೆಳು ಹಾಳೆಯನ್ನು ಟಿಎನ್ ಪರದೆಗೆ ಅಂಟಿಸಿದರು. ಕಡ್ಡಿಯಣುಗಳು ಓರೆಕಿರಣಕ್ಕೆ ಮಾಡುತ್ತಿದ್ದ ಅನ್ಯಾಯವನ್ನು ಬಿಲ್ಲೆಯಣುಗಳು ಎದುರುಮುಖವಾಗಿ ಸರಿಪಡಿಸಿದವು. ಪಕ್ಕದಿಂದ ನೋಡುವವನಿಗೂ ಚಿತ್ರ ಕಂಡಿತು. 1991ರಲ್ಲಿ ಚಂದ್ರಶೇಖರ್ ಜಲಹಳ್ಳಿಯಲ್ಲಿ ದ್ರವಸ್ಫಟಿಕಗಳಿಗಾಗಿಯೇ ಒಂದು ಸಂಶೋಧನಾ ಕೇಂದ್ರ ಕಟ್ಟಿದರು, 2004ರಲ್ಲಿ ತೀರಿಕೊಂಡರು. ಇದನ್ನೆಲ್ಲ ಹುಡುಗಿಗೆ ಹೇಳಿದಾಗ, "ಬೆಂಗಳೂರಿನ ಮದ್ದು ಜಪಾನಿಗೆ ಹೋಯ್ತು, ಸೊಕ್ಕೆಗೆ ಪೂರ್ತಿ ಬರಲಿಲ್ಲ ಅನ್ನು," ಎಂದಳು. ಪ್ರಾಣಿಶಾಸ್ತ್ರದವರ ನಾಲಗೆ ಹರಿತ.

ಐಪಿಎಸ್ ಎಂಬ ಇನ್ನೊಂದು ಜಾತಿಯ ಪರದೆಯಲ್ಲಿ ಓರೆನೋಟದ ತೊಂದರೆ ಬಹುಮಟ್ಟಿಗಿಲ್ಲ. ಈಗ ಅದು ಕೆಳಬೆಲೆಯ ಯಂತ್ರಗಳಿಗೂ ಇಳಿದುಬರುತ್ತಿದೆ. ಅದಕ್ಕೂ ಒಂದು ಮಬ್ಬಿದೆ, ಆದರೆ ತಲೆ ಸರಿಸಿದರೆ ಅದೂ ಸರಿಯುತ್ತದೆ, ಜಿನುಗು ಸರಿಯುವುದಿಲ್ಲ. ಒಎಲ್‌ಇಡಿ ಪರದೆಯಲ್ಲಿಯಂತೂ ಚುಕ್ಕೆ ಚುಕ್ಕೆಯೂ ತಾನೇ ದೀಪ, ಹಿಂದೆ ಕೆರೆಯೇ ಇಲ್ಲ, ಹೀಗಾಗಿ ಜಿನುಗಿನ ಪ್ರಶ್ನೆಯೂ ಇಲ್ಲ. ಅದರ ಬೆಲೆಯ ಮಾತು ಸದ್ಯಕ್ಕೆ ಬೇಡ.

ಕೊಳ್ಳುವಾಗ ಇದೆಲ್ಲ ಏಕೆ ತಿಳಿಯಲಿಲ್ಲ? ಯಂತ್ರದ ಮೈಮೇಲಿನ ಚೀಟಿಯಲ್ಲಿ ಅದರ ಮಿದುಳಿನ ವೇಗ, ನೆನಪಿನ ಅಳತೆ, ಉಗ್ರಾಣದ ಅಳತೆ ಎಲ್ಲ ಬರೆದಿತ್ತು. ಪರದೆಯ ವಿಷಯದಲ್ಲಿ ಬರೆದದ್ದು ಎರಡೇ: 15.6 ಅಂಗುಲ, 1366 ಅಡ್ಡ 768 ಚುಕ್ಕೆ. ಕಪ್ಪು ಎಷ್ಟು ಕಪ್ಪು, ಬಣ್ಣಗಳೆಷ್ಟು ಎಂಬ ಮಾತೇ ಇಲ್ಲ. ಅಗ್ಗದ ಪರದೆಗಳಲ್ಲಿ ಅನೇಕವು ಪ್ರತಿ ಮೂಲವರ್ಣಕ್ಕೂ 64 ಮೆಟ್ಟಿಲುಗಳನ್ನು ಮಾತ್ರ ಕೊಡಬಲ್ಲವು. ಒಟ್ಟು 2,62,144 ಬಣ್ಣ. ಒಳ್ಳೆಯ ಪರದೆ ಒಂದು ಕೋಟಿ ಅರುವತ್ತೇಳು ಲಕ್ಷ ಕೊಡುತ್ತದೆ. ಕಡಿಮೆಬಿದ್ದದ್ದನ್ನು ಎರಡು ಬಣ್ಣಗಳನ್ನು ಬೇಗಬೇಗನೆ ಅದಲುಬದಲು ಮಾಡಿ ಕಣ್ಣಿಗೆ ಮಂಕುಬೂದಿ ಎರಚಿ ತುಂಬಿಸುತ್ತಾರೆ. ಇನ್ನು ಚುಕ್ಕೆಗಳು. ಅಷ್ಟಗಲಕ್ಕೆ 1366 ಎಂದರೆ ಅಂಗುಲಕ್ಕೆ ಸುಮಾರು ನೂರು. ಇಂಗ್ಲಿಷಿನ ಅಕ್ಷರಗಳಿಗೆ ಅದು ಹೇಗೋ ಸಾಕು. ಕನ್ನಡಕ್ಕೆ ಸಾಲದು. ನಮ್ಮ ದ, ಧ, ಥ ಗಳನ್ನು ಬೇರ್ಪಡಿಸುವುದು ಹೊಟ್ಟೆಯೊಳಗಿನ ಒಂದು ಚುಕ್ಕೆ, ಕೆಳಗಿನ ಒಂದು ಸೀಳು. ಪ ಫ ಗಳಿಗೂ ಅದೇ ಸೀಳೇ ಜೀವ. ಒತ್ತಕ್ಷರವಂತೂ ಸಾಲಿನ ಕೆಳಗೆ ಅರ್ಧ ಮೈ ಕುಗ್ಗಿಸಿಕೊಂಡು ಬದುಕಬೇಕು. ಸಣ್ಣ ಅಕ್ಷರದಲ್ಲಿ ಓದುವಾಗ ಚುಕ್ಕೆಯೂ ಸೀಳೂ ಒಂದೊಂದೇ ಬಿಂದುವಿಗೆ ಇಳಿದು, ಅದೂ ಬೂದಿಬಣ್ಣಕ್ಕೆ ತಿರುಗಿ, "ಅರ್ಥ"ವೂ "ಅರ್ಧ"ವೂ ಒಂದಾಗಿಬಿಡುತ್ತವೆ. ಹಿಂದೆ ಸವೆದ ಅಚ್ಚುಮೊಳೆಗಳಿಂದ ಅಚ್ಚಾದ ಪಠ್ಯಪುಸ್ತಕಗಳನ್ನು ಓದಿ ನಾವು ಮಹಾಪ್ರಾಣಗಳನ್ನು ಊಹೆಯಿಂದ ಉಚ್ಚರಿಸುತ್ತಿದ್ದೆವು; ಹೊಸ ಯಂತ್ರ ಹಳೆಯ ಆ ರೋಗವನ್ನು ಹುಡುಗರಿಗೆ ಮತ್ತೆ ತಂದುಕೊಟ್ಟಿದೆ.

ಇದು ಒಬ್ಬಳ ಕಥೆಯೂ ಅಲ್ಲ. 2020ರ ಸಾಂಕ್ರಾಮಿಕದ ನಂತರ ಪಾಠ, ಪುಸ್ತಕ, ಪರೀಕ್ಷೆ ಎಲ್ಲವೂ ಪರದೆಗೆ ಬಂದು ಕುಳಿತಿವೆ. ನಗರದ ಶ್ರೀಮಂತರ ಮಕ್ಕಳಿಗೆ ಅದು ಹಲವು ಪರದೆಗಳಲ್ಲಿ ಒಂದು. ಹಳ್ಳಿಯ ವಿದ್ಯಾರ್ಥಿಗೆ ಪ್ರಯೋಗಶಾಲೆಯೂ ಅದೇ, ಗ್ರಂಥಾಲಯವೂ ಅದೇ, ಕನ್ನಡಕವೂ ಅದೇ.

ದೂರು ಕೊಡಲಿಲ್ಲವೆಂದಲ್ಲ. ಹುಡುಗಿ ತಂದೆಯೊಡನೆ ರಿಪೇರಿ ಕೇಂದ್ರಕ್ಕೆ ಹೋದಳು. ಖಾತರಿಯ ವರ್ಷ ಮುಗಿಯಲು ಇನ್ನೂ ನಾಲ್ಕು ತಿಂಗಳಿತ್ತು. ಅಲ್ಲಿಯವರು ಯಂತ್ರವನ್ನು ಟ್ಯೂಬ್‌ಲೈಟಿನ ಕೆಳಗೆ ತೆರೆದು, "ಎಲ್ಲಿ? ಏನೂ ಕಾಣೋದಿಲ್ಲವಲ್ಲ," ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಆ ಬೆಳಕಿನಲ್ಲಿ ಕಾಣುತ್ತಿರಲಿಲ್ಲ. ದೀಪ ಆರಿಸಿರೆಂದು ಅಂಗಲಾಚಿದ ಮೇಲೆ ನೋಡಿ, ಇದು ಮಿತಿಯೊಳಗಿದೆ ಎಂದರು. ಯಾವ ಮಿತಿ? ಸತ್ತ ಚುಕ್ಕೆಗಳನ್ನು ಎಣಿಸುವುದಕ್ಕೆ ಅಂತರರಾಷ್ಟ್ರೀಯ ಮಾನವುಂಟು. ಇಷ್ಟು ಸತ್ತರೆ ಬದಲಿಸಬೇಕೆಂದು ಖಾತರಿಪತ್ರಗಳಲ್ಲಿ ಬರೆದಿರುವುದನ್ನು ನಾನೇ ಓದಿದ್ದೇನೆ. ಜಿನುಗಿನ ಬಗ್ಗೆ ಅವಳ ಖಾತರಿಪತ್ರದಲ್ಲಿ ಒಂದು ಅಕ್ಷರವಿರಲಿಲ್ಲ. ಗ್ರಾಹಕರ ಆಯೋಗಕ್ಕೆ ಹೋಗಬಹುದು ಎಂದೆ. "ಒಂದು ಮೂಲೆ ಬೆಳಕಿಗೆ ಎಷ್ಟು ವಾಯಿದೆ ತಿರುಗಲಿ ದೊಡ್ಡಪ್ಪ, ಈರುಳ್ಳಿ ಕೀಳೋದೈತೆ," ಎಂದ ಅವಳ ತಂದೆ. ಅವನ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಕೊನೆಗೆ ಮದ್ದನ್ನು ಹುಡುಗಿಯೇ ಕಂಡುಹಿಡಿದಳು. ಪರದೆಯ ನಟ್ಟನಡುವೆ ಒಂದು ಚೌಕವನ್ನು ಗೊತ್ತುಮಾಡಿಕೊಂಡು, ಪ್ರತಿ ಚಿತ್ರವನ್ನೂ ಹಿಗ್ಗಿಸಿ, ಅದರ ನಾಲ್ಕು ಮೂಲೆಗಳನ್ನು ಒಂದೊಂದಾಗಿ ಆ ಚೌಕಕ್ಕೆ ಎಳೆದುತಂದು ನೋಡಿದಳು. ಯಂತ್ರವನ್ನು ಕಾಲ್ಮಣೆಯಿಂದ ಎತ್ತಿ ಕಣಜದ ಪೆಟ್ಟಿಗೆಯ ಮೇಲಿಟ್ಟು, ಕಣ್ಣಿನ ಮಟ್ಟಕ್ಕೆ ತಂದುಕೊಂಡಳು. ನಾಲ್ಕು ಸಾವಿರ ಚಿತ್ರ, ಒಂದೊಂದಕ್ಕೆ ನಾಲ್ಕು ಸಲ. ಏಳು ವಾರ ಹಿಡಿಯಿತು. ಖಾಲಿ ಎಂದಿದ್ದವುಗಳಲ್ಲಿ ಇನ್ನೂ ಹತ್ತೊಂಬತ್ತು ಕೊಂಡುಕುರಿಗಳು ಸಿಕ್ಕವು. ಅದರಲ್ಲೊಂದು ತಾಯಿ, ಹಿಂದೆ ಮರಿ. ಪಟ್ಟಿಯ ಜೊತೆಗೆ ತನ್ನ ಪರದೆಯ ಕಪ್ಪಿನದೊಂದು ಚಿತ್ರವನ್ನು, ದೀಪ ಆರಿಸಿ ಮೊಬೈಲಿನಲ್ಲಿ ತೆಗೆದು, ಮೇಲ್ವಿಚಾರಕರಿಗೆ ಕೊಟ್ಟಳು. ಅವರು ಅದನ್ನು ನೋಡಿ ಬಹಳ ಹೊತ್ತು ಮಾತಾಡಲಿಲ್ಲವಂತೆ. ಈಗ ಅಲ್ಲಿ ಚಿತ್ರ ವಿಂಗಡಿಸುವವರೆಲ್ಲ ಮೊದಲು ತಮ್ಮ ಪರದೆಯ ಕಪ್ಪನ್ನು ತೋರಿಸಬೇಕೆಂದು ಗೊತ್ತುಮಾಡಿದ್ದಾರೆ. ಬಿ.ಎಡ್.ನ ಮಾತು ಮನೆಯಲ್ಲಿ ಮತ್ತೆ ಎದ್ದಿಲ್ಲ.

ಸಂಕ್ರಾಂತಿಗೆ ಮತ್ತೆ ಹೋದಾಗ ಪಕ್ಕದ ಮನೆಯ ಹುಡುಗನೊಬ್ಬ ಲ್ಯಾಪ್‌ಟಾಪ್ ಕೊಳ್ಳಲು ದಾವಣಗೆರೆಗೆ ಹೊರಟಿದ್ದ. ಸುದ್ದಿ ಊರಿಗೆಲ್ಲ ಹಬ್ಬಿತ್ತಾಗಿ ನನ್ನನ್ನೂ ಕರೆದ. ಹುಡುಗಿ ಒಂದು ಪೆನ್‌ಡ್ರೈವಿನಲ್ಲಿ ಬರಿಯ ಕಪ್ಪಿನ ಚಿತ್ರ ತುಂಬಿಕೊಟ್ಟಳು. ಅಂಗಡಿಯಲ್ಲಿ ಕತ್ತಲೆಗೆ ಏನು ಮಾಡುವುದೆಂದು ಯೋಚಿಸುತ್ತಿರುವಾಗ ಅವನ ಅಜ್ಜಿ ಒಳಗಿನಿಂದ ಕರಿಯ ಕಂಬಳಿಯೊಂದನ್ನು ತಂದು ಅವನ ಹೆಗಲಿಗೆ ಹಾಕಿದಳು. ನಮ್ಮ ಸೀಮೆಯ ಕುರಿಯುಣ್ಣೆಯದು. ಮಳೆಯನ್ನೇ ಒಳಕ್ಕೆ ಬಿಡದ್ದು ಬೆಳಕನ್ನು ಬಿಟ್ಟೀತೆ?

ಅಂಗಡಿ ಹಗಲಿಗಿಂತ ಬೆಳ್ಳಗಿತ್ತು. ರಶೀತಿ ಬರೆಯುವ ಮುಂಚೆ ಪೆಟ್ಟಿಗೆ ಒಡೆದು ತೋರಿಸಲು ಮಾಲೀಕರು ಗೊಣಗುತ್ತಲೇ ಒಪ್ಪಿದರು. ಹುಡುಗ ಯಂತ್ರಕ್ಕೆ ಪೆನ್‌ಡ್ರೈವು ಚುಚ್ಚಿ, ಕಪ್ಪನ್ನು ಪರದೆಯ ತುಂಬ ಹರಡಿ, ಯಂತ್ರವನ್ನೂ ತಲೆಯನ್ನೂ ಸೇರಿಸಿ ಕಂಬಳಿ ಮುಸುಕು ಹಾಕಿಕೊಂಡ. ಗಿರಾಕಿಗಳು ನಕ್ಕರು. ಒಬ್ಬಾತ ಏನು ದೇವರು ಬಂತೇ ಎಂದು ಕೇಳಿದ. ಒಳಗಿನಿಂದ ಧ್ವನಿ ಬಂತು: "ಮೇಲಂಚು ಪೂರಾ ಜಿನುಗ್ತೈತೆ ಸಾರ್." ಎರಡನೆಯ ಪೆಟ್ಟಿಗೆಯದರಲ್ಲಿ ಎಡಮೂಲೆಯಲ್ಲಿ ಉಗುರಿನಷ್ಟು ಮಬ್ಬಿತ್ತು, ನಾನೂ ಮುಸುಕಿನೊಳಗೆ ಹೋಗಿ ನೋಡಿ, ಇದಾಗಬಹುದು ಎಂದೆ. ಹಣ ಕೊಡುತ್ತಿರುವಾಗ ಅಂಗಡಿಯ ಆಳುಹುಡುಗ ಸದ್ದಿಲ್ಲದೆ ಬಂದು, ಕಂಬಳಿಯೊಳಕ್ಕೆ ತಲೆ ತೂರಿಸಿ, ಬಿಟ್ಟುಹೋಗಿದ್ದ ಮೊದಲಿನ ಯಂತ್ರವನ್ನು ನೋಡಿದ. ಹೊರಬಂದವನು ಗಾಜಿನ ಕಪಾಟಿನಲ್ಲಿ ಸಾಲಾಗಿ ಬೆಳಗುತ್ತಿದ್ದ ಹತ್ತು ಹನ್ನೆರಡು ಯಂತ್ರಗಳ ಕಡೆಗೊಮ್ಮೆ ಕಣ್ಣು ಹಾಯಿಸಿ, "ಸಾರ್, ಆ ಪೆನ್‌ಡ್ರೈವ್ ಇನ್ನೊಂದು ಗಳಿಗೆ ಕೊಡ್ತೀರಾ?" ಎಂದ. ಜಗಳೂರಿನ ಬಸ್ಸಿಗೆ ಹೊತ್ತಾಗಿತ್ತು. ಕಂಬಳಿ ಮಾತ್ರ ತೆಗೆದುಕೊಂಡು, ಪೆನ್‌ಡ್ರೈವನ್ನು ಅವನ ಕೈಯಲ್ಲಿಯೇ ಬಿಟ್ಟು ಬಂದೆವು.